ಅಂಚಿನಲ್ಲಿ ಬರೆದ ಪ್ರಶ್ನೆ

ಈ ಆಷಾಢದ ಒಂದು ಸಂಜೆ, ಹಗಲೆಲ್ಲ ಸುರಿದ ಜಿಟಿಜಿಟಿ ಮಳೆ ನಿಂತು ಅಂಗಳದ ಕೆಮ್ಮಣ್ಣು ಇನ್ನೂ ಹಸಿಯಾಗಿಯೇ ಇದ್ದ ಹೊತ್ತಿನಲ್ಲಿ, ನಾಲ್ವತ್ತು ವರ್ಷಗಳ ಕಾಲ ನನ್ನ ಮಿತ್ರರಾಗಿದ್ದವರೊಬ್ಬರ ಮೊಮ್ಮಗನು, ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ ಪುಸ್ತಕವೊಂದನ್ನು ತೊಯ್ಯದಂತೆ ಅಂಗಿಯೊಳಗೆ ಅವುಚಿಕೊಂಡು, ಧಾರವಾಡದ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತನು. ಪುಸ್ತಕವು ನನ್ನದೇ, ಎಷ್ಟೋ ವರ್ಷಗಳ ಹಿಂದೆ ಅವನ ಅಜ್ಜನವರು ಓದುವೆನೆಂದು ಒಯ್ದಿದ್ದ ಕನ್ನಡ ಹೊಸ ಒಡಂಬಡಿಕೆ. ಅವರು ಲಿಂಗೈಕ್ಯರಾದದ್ದು ಹೋದ ಶ್ರಾವಣದಲ್ಲಿ. ಕಪಾಟನ್ನು ಬರಿದು ಮಾಡುವಾಗ ಮೊದಲ ಪುಟದಲ್ಲಿ ನನ್ನ ಹೆಸರನ್ನು ಕಂಡು ಹುಡುಗನು ಅದನ್ನು ತಿರುಗಿ ತಂದಿದ್ದನು. ಚಹ ಕುಡಿದ ಬಳಿಕವೂ ಏಳದೆ, ಬಟ್ಟಲನ್ನು ಕೈಯಲ್ಲಿ ತಿರುವುತ್ತ ಕುಳಿತಿದ್ದವನು ಕೊನೆಗೆ ಕೇಳಿದನು: “ಅಜ್ಜಾರ, ನಿಮ್ಮ ಮಂದೀನೂ ಮಣ್ಣಾಗ ಇಡ್ತಾರ, ನಮ್ಮ ಮಂದೀನೂ ಮಣ್ಣಾಗ ಇಡ್ತಾರ. ನಮ್ಮಜ್ಜನೂ ನೀವೂ ಅಷ್ಟ ದೋಸ್ತರಿದ್ರಿ. ಅಂದಮ್ಯಾಲ ಎಲ್ಲಾ ಧರ್ಮಾನೂ ಒಂದ ಅಲ್ಲೇನ್ರಿ?”

ಈ ಅಂಕಣದ ಓದುಗರು ನನಗೆ ಬರೆಯುವ ಪತ್ರಗಳಲ್ಲಿ ಇಷ್ಟು ಸಲ ಬಂದ ಪ್ರಶ್ನೆ ಬೇರೊಂದಿಲ್ಲ. ನಾನು ಕ್ರೈಸ್ತನೆಂದು ಬಲ್ಲವರು ಅದನ್ನು ಸ್ನೇಹದಿಂದ ಕೇಳುವುದುಂಟು, ಶಂಕೆಯಿಂದ ಕೇಳುವುದೂ ಉಂಟು. ಎಲ್ಲವೂ ಒಂದೇ ಎಂದು ನನ್ನ ಬಾಯಿಂದ ಕೇಳಿದರೆ ತಮ್ಮ ಮನಸ್ಸಿಗೆ ಸಮಾಧಾನವಾದೀತೆಂದು ಬರೆದವರೂ ಇದ್ದಾರೆ. ಆ ಮಾತಿನ ಹಿಂದಿರುವ ಹಂಬಲವನ್ನು ನಾನು ಲಘುವಾಗಿ ಕಾಣಲಾರೆನು. ದೇವರ ಹೆಸರಿನಲ್ಲಿ ಮನೆಗಳು ಸುಟ್ಟುಹೋದುದನ್ನು ಕಂಡ ದೇಶ ನಮ್ಮದು. ಒಂದೇ ಬಾವಿಯ ನೀರು ಕುಡಿದವರು ಒಂದೇ ರಾತ್ರಿಯಲ್ಲಿ ಪರಕೀಯರಾದುದನ್ನು ನಮ್ಮ ಹಿರಿಯರು ಕಣ್ಣಾರೆ ನೋಡಿದ್ದರು. ಅಂತಹ ಗಾಯಕ್ಕೆ ಹಚ್ಚಿದ ಔಷಧವಾಗಿ ಹುಟ್ಟಿದ ಮಾತು ಇದು. ಆದರೆ ಗಾಯಕ್ಕೆ ಹಚ್ಚುವ ಔಷಧವೇ ಹಸಿವಿಗೆ ಅನ್ನವಾಗಲಾರದು. ಹುಡುಗನು ಕೇಳಿದ್ದು ನೆರೆಹೊರೆಯವರು ಹೇಗೆ ಬಾಳಬೇಕೆಂಬುದನ್ನಲ್ಲ, ಸತ್ಯವು ಯಾವುದೆಂಬುದನ್ನು. ಆದಕಾರಣ ಅವನಿಗೆ ನಾನು ಆ ಸಂಜೆ ಹೌದೆನ್ನಲಿಲ್ಲ. ಏಕೆ ಎನ್ನಲಿಲ್ಲವೆಂಬುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅವನು ಮಣ್ಣಿನ ಮಾತನ್ನೆತ್ತಿದ್ದರಿಂದ ಮಣ್ಣಿನಿಂದಲೇ ತೊಡಗುವೆನು. ನಾಲ್ಕು ವರ್ಷಗಳ ಹಿಂದೆ ನನ್ನ ಪತ್ನಿಯು ತೀರಿಕೊಂಡಾಗ ಆ ಮಿತ್ರರು ಮಂಡಿಯ ನೋವನ್ನೂ ಲೆಕ್ಕಿಸದೆ ನಮ್ಮ ಸಭೆಯ ಸಮಾಧಿಭೂಮಿಯವರೆಗೆ ನಡೆದು ಬಂದಿದ್ದರು. ಪೆಟ್ಟಿಗೆಯನ್ನು ಹಗ್ಗದ ಮೇಲೆ ಇಳಿಸಿದ ತರುವಾಯ, ಸಭಾಪಾಲಕರ ಪ್ರಾರ್ಥನೆ ಮುಗಿದು ಒಬ್ಬೊಬ್ಬರಾಗಿ ಮಣ್ಣು ಹಾಕುವ ಹೊತ್ತಿಗೆ, ಅವರೂ ಬಾಗಿ ಹಿಡಿ ಮಣ್ಣನ್ನು ತೆಗೆದುಕೊಂಡು, ಅದರೊಳಗಿದ್ದ ಹರಳೊಂದನ್ನು ಬೆರಳಿನಿಂದ ಆರಿಸಿ ಬದಿಗೆಸೆದು, ಉಳಿದ ಮೆತ್ತನೆಯ ಮಣ್ಣನ್ನು ಮಾತ್ರ ಮೆಲ್ಲಗೆ ಬಿಟ್ಟರು. ಆ ಹರಳನ್ನು ಆರಿಸಿದ ಬೆರಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೂರು ವರ್ಷಗಳ ಮೇಲೆ ಅವರ ಮಣ್ಣಿಗೆ ನಾನು ಹೋದೆನು. ಮೈಗೆಲ್ಲ ವಿಭೂತಿಯನ್ನು ಧರಿಸಿ, ಪದ್ಮಾಸನದಲ್ಲಿ ಕುಳ್ಳಿರಿಸಿ, ಹೂವಿನ ವಿಮಾನದಲ್ಲಿ ಭಜನೆಯೊಡನೆ ಕರೆದೊಯ್ದು, ಕುಣಿಯೊಳಗೆ ಇಳಿಸಿ, ಇಷ್ಟು ವರ್ಷ ಎದೆಯ ಮೇಲಿದ್ದ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು, ಬಿಲ್ವಪತ್ರೆಯನ್ನು ಏರಿಸಿ ಅಯ್ಯನವರು ಕ್ರಿಯೆಯನ್ನು ಮುಗಿಸಿದ ಮೇಲೆ ನನ್ನ ಸರದಿ ಬಂದಿತು. ನಾನೂ ಹಿಡಿ ಮಣ್ಣಿನೊಳಗಿನ ಹರಳುಗಳನ್ನು ಆರಿಸಿದೆನು.

ಕಣ್ಣಿಗೆ ಕಂಡದ್ದು ಒಂದೇ: ಅದೇ ಧಾರವಾಡದ ಕೆಂಪು ಮಣ್ಣು, ಅದೇ ಬಾಗುವಿಕೆ, ಅದೇ ಅಳು. ಆದರೆ ಆ ಎರಡು ಕುಣಿಗಳ ಅಂಚಿನಲ್ಲಿ ಏನನ್ನು ನುಡಿದರೆಂಬುದನ್ನು ಕಿವಿಗೊಟ್ಟು ಕೇಳಿದವನು ಅವು ಒಂದೇ ಎಂದು ಹೇಳಲಾರನು. ಶರಣರ ದೃಷ್ಟಿಯಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಸ್ಥಲಗಳನ್ನೇರಿದ ಜೀವವು ಐಕ್ಯದಲ್ಲಿ ಲಿಂಗದೊಡನೆ ಬೆರೆಯುವುದು. ಸಾವು ಅಲ್ಲಿ ಶೋಕದ ಸಂಗತಿಯಲ್ಲ, ಸಾಧನೆಯ ಫಲ. ಆಸನದಲ್ಲಿ ಕುಳಿತ ಆ ದೇಹವೇ ಅದನ್ನು ಸಾರುತ್ತಿತ್ತು. ಕ್ರೈಸ್ತನಿಗೆ ಹಾಗಲ್ಲ. ನಮ್ಮ ಧರ್ಮಗ್ರಂಥವು ಮರಣವನ್ನು ಮಿತ್ರನೆಂದು ಕರೆಯದೆ ವೈರಿಯೆಂದು ಕರೆಯುತ್ತದೆ, ಕಟ್ಟಕಡೆಗೆ ಸೋಲತಕ್ಕ ವೈರಿಯೆಂದು. ನನ್ನ ಪತ್ನಿಯನ್ನು ಮಣ್ಣಿನಲ್ಲಿ ಮಲಗಿಸಿದಾಗ ನಾವು ಅವಳು ದೇವರಲ್ಲಿ ಬೆರೆತುಹೋದಳೆನ್ನಲಿಲ್ಲ. ಅವಳು ಅವಳಾಗಿಯೇ, ಹೆಸರುಳ್ಳವಳಾಗಿ, ಒಂದು ದಿನ ದೇಹದೊಡನೆ ಎದ್ದುಬರುವಳೆಂದು ಹೇಳಿ ಮನೆಗೆ ತಿರುಗಿದೆವು. ಒಂದರಲ್ಲಿ ಹನಿಯು ಕಡಲನ್ನು ಸೇರುವ ಸಮಾಧಾನ. ಇನ್ನೊಂದರಲ್ಲಿ ಅಗಲಿದ ಮುಖವನ್ನು ಮತ್ತೆ ಕಾಣುವ ಆಶೆ. ಎರಡೂ ಹೃದಯವನ್ನು ತುಂಬಬಲ್ಲವು, ಎರಡೂ ಗೌರವಕ್ಕೆ ಪಾತ್ರ. ಆದರೆ ಎರಡೂ ಒಂದೇ ಎಂದವನು ಆ ಎರಡು ಮನೆಗಳ ಪೈಕಿ ಯಾವ ಮನೆಯವರ ಮಾತನ್ನೂ ಕೇಳಿಸಿಕೊಂಡಿಲ್ಲ.

ಭೇದವನ್ನು ಹೇಳುವುದು ಪರದೇಶದಿಂದ ಬಂದ ಕ್ರೈಸ್ತರ ರೂಢಿ, ನಮ್ಮ ನಾಡಿನ ರೀತಿ ಎಲ್ಲವನ್ನೂ ಒಂದಾಗಿ ಕಾಣುವುದು, ಎಂದು ಒಬ್ಬ ಓದುಗರು ಬರೆದಿದ್ದರು. ನಾಡಿನ ಚರಿತ್ರೆಯು ಹಾಗೆ ಹೇಳುವುದಿಲ್ಲ. ಉಡುಪಿಯ ಮಧ್ವಾಚಾರ್ಯರು ಜೀವಕ್ಕೂ ಈಶ್ವರನಿಗೂ, ಜೀವಜೀವಕ್ಕೂ, ಜಡಕ್ಕೂ ಈಶ್ವರನಿಗೂ, ಜಡಕ್ಕೂ ಜೀವಕ್ಕೂ, ಜಡಜಡಕ್ಕೂ ಇರುವ ಐದು ಭೇದಗಳು ಸತ್ಯವೆಂದು ಸಾಧಿಸುವುದರಲ್ಲಿಯೇ ತಮ್ಮ ಆಯುಷ್ಯವನ್ನು ಸವೆಸಿದರು; ಶಂಕರಾಚಾರ್ಯರ ಅದ್ವೈತವೂ ತಮ್ಮ ದ್ವೈತವೂ ಮೂಲತಃ ಒಂದೇ ಎಂದು ಯಾರಾದರೂ ಅವರ ಮುಂದೆ ಹೇಳಿದ್ದರೆ ಅವರಿಗೆ ಸಂತೋಷವಾಗುತ್ತಿತ್ತೆಂದು ನಾನು ನಂಬಲಾರೆನು. ಬಸವಣ್ಣನವರು ಕಲ್ಲಿನ ಗುಡಿಯನ್ನು ಬಿಟ್ಟು ಅಂಗೈಯ ಲಿಂಗವನ್ನು ಹಿಡಿದದ್ದು ಎರಡರ ನಡುವೆ ವ್ಯತ್ಯಾಸವಿದೆಯೆಂದು ಬಲವಾಗಿ ನಂಬಿದ್ದರಿಂದಲೇ. ಬುದ್ಧನು ಆತ್ಮವೆಂಬುದನ್ನೇ ಒಪ್ಪಲಿಲ್ಲ. ಜೈನರು ಜಗತ್ತಿಗೊಬ್ಬ ಕರ್ತೃವನ್ನು ಒಪ್ಪಲಿಲ್ಲ. ಪೂರ್ವಪಕ್ಷವನ್ನು ಎದುರಾಳಿಯು ಒಪ್ಪುವಷ್ಟು ನಿಷ್ಠೆಯಿಂದ ವಿವರಿಸಿ, ಅನಂತರ ಅದನ್ನು ಖಂಡಿಸಿ, ಸಿದ್ಧಾಂತವನ್ನು ನಿಲ್ಲಿಸುವ ಪದ್ಧತಿಯನ್ನು ಪರಂಪರೆಯಾಗಿ ಬೆಳೆಸಿದ ನಾಡು ಇದು. ಭಿನ್ನಾಭಿಪ್ರಾಯವನ್ನು ಇಷ್ಟು ಗೌರವದಿಂದ ನಡೆಸಿಕೊಂಡವರಿಗೆ ಭಿನ್ನಾಭಿಪ್ರಾಯವೇ ಇರಲಿಲ್ಲವೆನ್ನುವುದು ನ್ಯಾಯವಲ್ಲ.

ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆಯನ್ನು ಇಂತಹ ಸಂದರ್ಭದಲ್ಲಿ ಯಾರಾದರೊಬ್ಬರು ಹೇಳದೆ ಇರುವುದಿಲ್ಲ. ಪಾಲಿ ಭಾಷೆಯ ಉದಾನವೆಂಬ ಬೌದ್ಧ ಗ್ರಂಥದಲ್ಲಿ ಅದು ಬರುತ್ತದೆ. ಶ್ರಾವಸ್ತಿಯಲ್ಲಿ ಪರಸ್ಪರ ಜಗಳವಾಡುತ್ತಿದ್ದ ನಾನಾ ಮತದ ಪರಿವ್ರಾಜಕರನ್ನು ಕುರಿತು ಬುದ್ಧನು ಹೇಳಿದ ಕಥೆಯದು. ಅವರೆಲ್ಲರೂ ಸರಿಯೆಂದು ಬುದ್ಧನು ಅಲ್ಲಿ ಹೇಳುತ್ತಿಲ್ಲ. ಅವರು ಕಾಣದೆ ಕಾದಾಡುತ್ತಿದ್ದಾರೆಂದು ಹೇಳುತ್ತಿದ್ದಾನೆ. ತಮಿಳುನಾಡಿನಲ್ಲಿ ಬಹುಕಾಲ ಬಿಷಪ್ಪರಾಗಿದ್ದ ಲೆಸ್ಲಿ ನ್ಯೂಬಿಗಿನ್ನರು ಈ ಕಥೆಯಲ್ಲಿ ಇನ್ನೊಂದನ್ನು ಗಮನಿಸಿದರು: ಕುರುಡರು ಕುರುಡರೆಂದು ನಮಗೆ ಗೊತ್ತಾಗುವುದು ಇಡಿಯ ಆನೆಯನ್ನು ಕಂಡ ರಾಜನೊಬ್ಬನು ಅಲ್ಲಿ ನಿಂತಿರುವುದರಿಂದ. ಎಲ್ಲ ಧರ್ಮಗಳೂ ಒಂದೇ ಸತ್ಯದ ತುಣುಕುಗಳೆಂದು ಹೇಳುವವನು ಆ ರಾಜನ ಸ್ಥಾನದಲ್ಲಿ ತಾನು ನಿಂತಿದ್ದಾನೆ. ವಿನಯದಂತೆ ತೋರುವ ಆ ಮಾತಿನಲ್ಲಿ, ಮೋಶೆಗೂ ಬುದ್ಧನಿಗೂ ಮಧ್ವರಿಗೂ ಮುಹಮ್ಮದರಿಗೂ ಕಾಣದೆ ಹೋದುದು ತನಗೆ ಕಂಡಿದೆಯೆಂಬ ಹೇಳಿಕೆಯು ಅಡಗಿದೆ.

ಆದರೆ ಒಂದೇ ಎನ್ನದೆ ಶಾಂತಿಯು ಹೇಗೆ ಸಾಧ್ಯ? ಇದಕ್ಕೆ ಉತ್ತರವನ್ನು ನಾನು ಗ್ರಂಥಗಳಿಗಿಂತ ಹೆಚ್ಚಾಗಿ ಶ್ರವಣಬೆಳಗೊಳದ ಒಂದು ಶಾಸನದಿಂದ ಕಲಿತೆನು. ಕ್ರಿ. ಶ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದು, ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಜನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದನು. ನೋಡಿ, ರಾಜನೇ ಭೇದವಿಲ್ಲವೆಂದನಲ್ಲ, ಎಂದು ಓದುಗರು ನನ್ನನ್ನು ತಡೆಯಬಹುದು. ಅಹುದು, ಆದರೆ ಶಾಸನವು ಅಷ್ಟಕ್ಕೆ ಮುಗಿಯುವುದಿಲ್ಲ, ಅದರ ತಿರುಳೆಲ್ಲ ಮುಂದಿನ ಪಂಕ್ತಿಗಳಲ್ಲಿದೆ. ಜೈನರಿಗೆ ಪಂಚಮಹಾವಾದ್ಯಗಳೂ ಕಳಶವೂ ಹಿಂದಿನಂತೆಯೇ ಸಲ್ಲಬೇಕು. ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರು ಇರಬೇಕು. ಅದಕ್ಕಾಗಿ ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡತಕ್ಕದ್ದು. ಆ ಹಣದಿಂದ ಕಾವಲುಗಾರರನ್ನು ನೇಮಿಸುವ ಹೊಣೆಯು ತಿರುಮಲೆಯ ತಾತಯ್ಯನದು, ಅಂದರೆ ಒಬ್ಬ ಶ್ರೀವೈಷ್ಣವನದು. ಉಳಿದ ಹಣವು ಜೀರ್ಣವಾದ ಜಿನಾಲಯಗಳಿಗೆ ಸುಣ್ಣಬಳಿಸುವುದಕ್ಕೂ ದುರಸ್ತಿಗೂ ಸಲ್ಲತಕ್ಕದ್ದು.

ಆ ತೀರ್ಪಿನ ತರುವಾಯ ಜೈನರು ಜೈನರಾಗಿಯೇ ಉಳಿದರು, ವೈಷ್ಣವರು ವೈಷ್ಣವರಾಗಿಯೇ. ನನಗೆ ತೋರುವಂತೆ, ರಾಜನು ಭೇದವಿಲ್ಲವೆಂದದ್ದು ತತ್ತ್ವವಿಚಾರವಾಗಿ ಅಲ್ಲ, ರಕ್ಷಣೆಯ ವಿಚಾರವಾಗಿ. ನಿನ್ನ ದೇವಾಲಯಕ್ಕೆ ತಗಲುವ ಏಟು ನನ್ನ ದೇವಾಲಯಕ್ಕೆ ತಗಲಿದಂತೆ, ಎಂಬ ಅರ್ಥದಲ್ಲಿ. ಶಾಂತಿಯನ್ನು ಕಾಯ್ದುದು ಭೇದವಿಲ್ಲವೆಂಬ ವಾಕ್ಯವೊಂದೇ ಅಲ್ಲ, ಆ ಇಪ್ಪತ್ತು ಮಂದಿ ಕಾವಲುಗಾರರು. ತಾನು ಪೂಜಿಸದ ದೇವರ ಬಾಗಿಲನ್ನು ಕಾಯಿಸುವ ಹೊಣೆಯನ್ನು ಹೊತ್ತವನಿಗೆ ಆ ದೇವರೂ ತನ್ನ ದೇವರೂ ಒಂದೇ ಎಂದು ನಂಬುವ ಅಗತ್ಯವಿಲ್ಲ. ಬಾಗಿಲೊಳಗಿರುವವನು ತನ್ನ ನೆರೆಯವನೆಂದು ತಿಳಿದರೆ ಸಾಕು. ಯೇಸುವಿನ ಮಾತಿನಲ್ಲಿಯೂ ನೆರೆಯವನು ಯಾರೆಂಬ ಪ್ರಶ್ನೆಗೆ ಉತ್ತರವಾಗಿ ಬಂದವನು ಯೆಹೂದ್ಯನಲ್ಲ, ಸಮಾರ್ಯದವನು; ಯೆಹೂದ್ಯರು ಪಾಷಂಡಿಯೆಂದು ಎಣಿಸುತ್ತಿದ್ದವನು. ಸಮಾರ್ಯದವರ ಉಪಾಸನೆಯೂ ಯೆಹೂದ್ಯರ ಉಪಾಸನೆಯೂ ಒಂದೇ ಎಂದು ಯೇಸು ಎಲ್ಲಿಯೂ ಹೇಳಲಿಲ್ಲ, ಬಾವಿಯ ದಡದಲ್ಲಿ ಸಮಾರ್ಯದ ಹೆಂಗಸೊಡನೆ ಆಡಿದ ಮಾತಿನಲ್ಲಿ ಭೇದವನ್ನು ಎತ್ತಿಯೇ ಹೇಳಿದನು. ಹಾಗಿದ್ದೂ ಅವಳ ಕೈಯಿಂದ ನೀರು ಬೇಡಿದನು.

ಇನ್ನು ಹುಡುಗನು ತಂದ ಪುಸ್ತಕದ ವಿಷಯ. ಅವನು ಕುಳಿತಿರುವಂತೆಯೇ ನಾನು ಅದನ್ನು ತೆರೆದು ನೋಡಿದೆನು. ಪುಟಗಳ ಅಂಚು ಹಳದಿಗಟ್ಟಿ, ರಟ್ಟು ಬಿಟ್ಟಿತ್ತು. ಪುಟಗಳ ನಡುವೆ ಸಿಕ್ಕಿದ್ದ ವಿಭೂತಿಯ ಕಣಗಳು ನನ್ನ ಬೆರಳಿಗಂಟಿದವು. ಮಿತ್ರರು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ್ದರು, ಪೆನ್ಸಿಲನ್ನು ಕೈಯಲ್ಲಿ ಹಿಡಿದು ಓದಿದ್ದರು. ಮತ್ತಾಯನ ಸುವಾರ್ತೆಯ ಐದರಿಂದ ಏಳನೆಯ ಅಧ್ಯಾಯದವರೆಗಿನ ಗಿರಿಪ್ರವಚನದ ಉದ್ದಕ್ಕೂ ಸಣ್ಣ ಸಣ್ಣ ಗೆರೆಗಳು, ಪಕ್ಕದಲ್ಲಿ “ಹೌದು”, ಮತ್ತೆ “ಹೌದು”, ಕೆಲವೆಡೆ “ಶರಣರೂ”. ದಾನವನ್ನು ಡಂಗುರ ಹೊಡೆಯಿಸಬಾರದೆಂಬಲ್ಲಿ, ವೈರಿಯನ್ನೂ ಪ್ರೀತಿಸಬೇಕೆಂಬಲ್ಲಿ, ನಾಳೆಗಾಗಿ ಚಿಂತಿಸಬಾರದೆಂಬಲ್ಲಿ ಅವರ ಪೆನ್ಸಿಲು ಒಪ್ಪಿಗೆಯಿಂದ ತಲೆದೂಗಿತ್ತು. ಎಲ್ಲ ಧರ್ಮಗಳೂ ಒಂದೇ ಎಂಬ ಮಾತಿನಲ್ಲಿ ಎಷ್ಟು ಸತ್ಯವಿದೆಯೋ ಅಷ್ಟೂ ಆ ಪುಟಗಳಲ್ಲಿತ್ತು. ಪರರು ನಮಗೆ ಏನು ಮಾಡಬೇಕೆಂದು ಬಯಸುವೆವೋ ಅದನ್ನೇ ನಾವು ಪರರಿಗೆ ಮಾಡಬೇಕೆಂಬ ನೀತಿಯು ಯೇಸುವಿನ ಬಾಯಿಂದ ಬರುವ ಮೊದಲೇ ಚೀನದಲ್ಲಿ ಕನ್‌ಫ್ಯೂಷಿಯಸನ ಬಾಯಿಂದ ನಿಷೇಧರೂಪದಲ್ಲಿ ಬಂದಿತ್ತು, ಯೆಹೂದ್ಯ ಗುರುವಾದ ಹಿಲ್ಲೇಲನೂ ಹೇಳಿದ್ದನು, ಮಹಾಭಾರತದಲ್ಲಿಯೂ ಅದಿದೆ. ಇದನ್ನು ಒಪ್ಪಿಕೊಳ್ಳಲು ಕ್ರೈಸ್ತನು ಅಳುಕಬೇಕಾದುದಿಲ್ಲ. ದೇವರು ಯಾವ ಜನಾಂಗದಲ್ಲಿಯೂ ತನಗೆ ಸಾಕ್ಷಿಯಿಲ್ಲದಂತೆ ಬಿಟ್ಟಿಲ್ಲವೆಂದು ನಮ್ಮ ಅಪೊಸ್ತಲರೇ ಬೋಧಿಸಿದ್ದಾರೆ; ಎರಡನೆಯ ಶತಮಾನದ ಯುಸ್ತಿನನು ದೇವರ ವಾಕ್ಯದ ಬೀಜವು ಗ್ರೀಕ ತತ್ತ್ವಜ್ಞರಲ್ಲಿಯೂ ಬಿತ್ತಲ್ಪಟ್ಟಿತ್ತೆಂದು ಬರೆದನು.

ಆದರೆ ಮುಂದೆ, ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರದ ಹದಿನೈದನೆಯ ಅಧ್ಯಾಯಕ್ಕೆ ಬಂದಾಗ ಆ ಪೆನ್ಸಿಲು ನಿಂತಿತ್ತು. ಅಲ್ಲಿ ಹೌದೆಂದಿಲ್ಲ, ಇಲ್ಲವೆಂದೂ ಇಲ್ಲ. ಎರಡು ಸಲ ಅಡಿಗೆರೆ ಎಳೆದು, ಅಂಚಿನಲ್ಲಿ ಅವರು ಬರೆದಿದ್ದರು: “ಇದು ನಡೆದದ್ದೇ?”

ಹುಡುಗನಿಗೆ ನಾನು ಹೇಳಬೇಕೆಂದಿದ್ದುದನ್ನೆಲ್ಲ ಅವನ ಅಜ್ಜನವರು ಎರಡು ಶಬ್ದಗಳಲ್ಲಿ ಮೊದಲೇ ಬರೆದಿಟ್ಟಿದ್ದರು. ಗಿರಿಪ್ರವಚನವನ್ನು ಓದಿ ಇದು ನಡೆದದ್ದೇ ಎಂದು ಯಾರೂ ಕೇಳುವುದಿಲ್ಲ. ನೀತಿಯು ನಡೆಯುವಂತಹುದಲ್ಲ, ನಡೆಸತಕ್ಕದ್ದು. ಪೌಲನು ಆ ಅಧ್ಯಾಯದಲ್ಲಿ ಬರೆಯುತ್ತಿರುವುದು ನೀತಿಯಲ್ಲ, ವಾರ್ತೆ. ಯೇಸುವು ಸತ್ತನು, ಅವನನ್ನು ಹೂಣಿಟ್ಟರು, ಮೂರನೆಯ ದಿನ ಎದ್ದನು, ಇಂತಿಂಥವರಿಗೆ ಕಾಣಿಸಿಕೊಂಡನು, ಐನೂರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ, ಎಂದು ಆತನು ಬರೆದದ್ದು ಘಟನೆ ನಡೆದ ಕಾಲು ಶತಮಾನದೊಳಗಾಗಿ. ಬೇಕಾದವರು ಹೋಗಿ ಕೇಳಬಹುದೆಂಬಂತೆ. ಅದು ನಡೆಯದಿದ್ದರೆ ತನ್ನ ಬೋಧೆಯೂ ಕೇಳುವವರ ನಂಬಿಕೆಯೂ ವ್ಯರ್ಥವೆಂದು ಆತನೇ ಒಪ್ಪಿಕೊಳ್ಳುತ್ತಾನೆ. ನಮ್ಮ ಸಭೆಗಳಲ್ಲಿ ಒಪ್ಪಿಸುವ ವಿಶ್ವಾಸಪ್ರಮಾಣದಲ್ಲಿ ದೇವರ ಹೆಸರಿನೊಡನೆ ಪೊಂತಿಯ ಪಿಲಾತನೆಂಬ ರೋಮನ್ ಅಧಿಕಾರಿಯೊಬ್ಬನ ಹೆಸರೂ ಬರುತ್ತದೆ. ಬಾಲ್ಯದಲ್ಲಿ ನನಗೆ ಇದು ವಿಚಿತ್ರವಾಗಿ ತೋರುತ್ತಿತ್ತು: ಇಷ್ಟು ಪವಿತ್ರವಾದ ಪ್ರಮಾಣದಲ್ಲಿ ಆ ಅಳುಕಿನ ಮನುಷ್ಯನಿಗೆ ಸ್ಥಳವೇಕೆ? ಅವನು ಅಲ್ಲಿರುವುದು ತಾರೀಖಾಗಿ. ಕ್ರಿ. ಶ. 26ರಿಂದ 36ರವರೆಗೆ ಯೂದಾಯವನ್ನು ಆಳಿದ ಆ ಅಧಿಕಾರಿಯ ಕಾಲದಲ್ಲಿ, ಈ ಭೂಮಿಯ ಮೇಲೆ, ಒಂದು ಶುಕ್ರವಾರ ಇದು ನಡೆಯಿತೆಂದು ನಾವು ವಾರವಾರವೂ ಹೇಳುತ್ತೇವೆ.

ವೇದಗಳು ಅಪೌರುಷೇಯವೆಂದು ಮೀಮಾಂಸಕರು ಹೇಳುವಾಗ ಅದರ ಘನತೆಯೇ ಬೇರೆ: ಯಾವ ಪುರುಷನೂ ಹುಟ್ಟದಿದ್ದರೂ, ಯಾವ ಘಟನೆಯೂ ನಡೆಯದಿದ್ದರೂ ನಿಲ್ಲುವ ನಿತ್ಯಸತ್ಯವದು. ಬುದ್ಧರು ಹುಟ್ಟಲಿ, ಹುಟ್ಟದಿರಲಿ, ಧರ್ಮದ ನಿಯಮವು ಇದ್ದೇ ಇರುವುದೆಂಬುದು ಬೌದ್ಧರ ಬೋಧೆ. ಕ್ರೈಸ್ತ ಧರ್ಮಕ್ಕೆ ಅಂತಹ ಭದ್ರತೆಯಿಲ್ಲ. ಅದು ತನ್ನನ್ನು ಒಂದು ಮರದ ಶಿಲುಬೆಗೂ ಒಂದು ಬರಿದಾದ ಗವಿಗೂ ಕಟ್ಟಿಹಾಕಿಕೊಂಡಿದೆ. ಖುರಾನು ಯೇಸುವನ್ನು ಪ್ರವಾದಿಯೆಂದು ಗೌರವಿಸುತ್ತದೆ, ಅವನ ತಾಯಿಯ ಹೆಸರಿನಲ್ಲಿ ಒಂದು ಅಧ್ಯಾಯವೇ ಅದರಲ್ಲಿದೆ. ಆದರೆ ಅವನನ್ನು ಶಿಲುಬೆಗೇರಿಸಲಿಲ್ಲವೆಂದು ಅದು ಹೇಳುತ್ತದೆ. ಏರಿಸಿದರೆಂಬುದೂ ಏರಿಸಲಿಲ್ಲವೆಂಬುದೂ ಮೂಲತಃ ಒಂದೇ ಎಂದು ನಾನು ಯಾವ ಮುಖದಿಂದ ಹೇಳಲಿ? ಹಾಗೆಂದರೆ ನನ್ನ ಮುಸಲ್ಮಾನ ಗೆಳೆಯನನ್ನೂ ಅವಮಾನಿಸಿದಂತೆ, ನನ್ನನ್ನೂ.

ಕೃಪೆಯ ವಿಷಯದಲ್ಲಿ ನಮ್ಮವರು ಕೆಲವರು ಆಡುವ ಮಾತನ್ನೂ ಇಲ್ಲಿ ತಿದ್ದಬೇಕು. ಇತರ ಧರ್ಮಗಳಲ್ಲೆಲ್ಲ ಮನುಷ್ಯನೇ ಸಾಧನೆಯಿಂದ ಮೇಲೇರಬೇಕು, ಕೃಪೆಯಿರುವುದು ನಮ್ಮಲ್ಲಿ ಮಾತ್ರ, ಎಂದು ಪೀಠದಿಂದ ಬೋಧಿಸುವುದನ್ನು ಕೇಳಿದ್ದೇನೆ. ಅದು ನಿಜವಲ್ಲ. ತಾಯಿಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವಾಗ ಮರಿಯ ಪ್ರಯತ್ನವೇನೂ ಇಲ್ಲದಂತೆ ದೇವರೇ ಜೀವವನ್ನು ಒಯ್ಯುವನೆಂದು ಶ್ರೀವೈಷ್ಣವರಲ್ಲಿ ತೆಂಗಲೆಯವರು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಭೇದವಿರುವುದು ಕೃಪೆಯುಂಟೋ ಇಲ್ಲವೋ ಎಂಬುದರಲ್ಲಲ್ಲ. ಕೃಪೆಗೆ ಬೆಲೆಯನ್ನು ಯಾರು ತೆತ್ತರೆಂಬುದರಲ್ಲಿ. ದೇವರು ತಾನೇ ಅಪರಾಧಿಯಂತೆ ನಿಂತು, ಉಗುಳಿಸಿಕೊಂಡು, ಕೊಲೆಯಾಗಿ ಮನುಷ್ಯನನ್ನು ಕ್ಷಮಿಸಿದನೆಂಬ ಮಾತನ್ನು ಬೇರೆ ಯಾವ ಧರ್ಮವೂ ಹೇಳಿದ್ದನ್ನು ನಾನು ಅರಿಯೆನು. ಎಷ್ಟೋ ಧರ್ಮಗಳಿಗೆ ಅದು ದೇವರ ಮಹಿಮೆಗೆ ಕುಂದೆಂದೇ ತೋರುತ್ತದೆ. ಯೇಸುವೇ ಮಾರ್ಗವೆಂದು ಕ್ರೈಸ್ತನು ಹೇಳುವಾಗ ಈ ಒಬ್ಬನನ್ನು ತೋರಿಸುತ್ತಾನೆಯೇ ಹೊರತು ತನ್ನನ್ನಲ್ಲ, ತನ್ನ ಸಭೆಯನ್ನಲ್ಲ, ಪಾಶ್ಚಾತ್ಯ ನಾಗರಿಕತೆಯನ್ನಂತೂ ಅಲ್ಲವೇ ಅಲ್ಲ.

ಹಾಗೆ ತೋರಿಸುವ ಬೆರಳು ಯಾವಾಗಲೂ ಶುದ್ಧವಾಗಿರಲಿಲ್ಲವೆಂಬುದನ್ನು ದುಃಖದಿಂದ ಒಪ್ಪಿಕೊಳ್ಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಕ್ರೈಸ್ತ ಕರಪತ್ರಗಳು ಈ ನಾಡಿನ ದೇವತೆಗಳನ್ನು ಹಳಿದ ರೀತಿಯನ್ನು ಓದಿದಾಗ ನನಗೆ ಮೈ ಕುಗ್ಗುತ್ತದೆ. ನೆರೆಯವನ ಮಾತನ್ನು ಕೇಳದೆ ತೀರ್ಪು ಕೊಟ್ಟದ್ದು ಅಲ್ಲಿ ಆದ ಪಾಪ. ಆ ಪಾಪಕ್ಕೆ ಪ್ರಾಯಶ್ಚಿತ್ತವಾಗಿಯೋ ಎಂಬಂತೆ ನಮ್ಮವರಲ್ಲಿಯೇ ಕೆಲವರು ಬೇರೆ ದಾರಿಯನ್ನು ಹಿಡಿದರು. ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ದೇವಜ್ಞಾನಶಾಸ್ತ್ರವನ್ನು ಬೋಧಿಸಿ, ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಸರ್ವಧರ್ಮ ಸಂವಾದದ ವಿಭಾಗವನ್ನು ಮೊದಲು ನಡೆಸಿದ ಸ್ಟ್ಯಾನ್ಲಿ ಸಮರ್ಥರು, ಕ್ರಿಸ್ತನಲ್ಲಿ ಮಾತ್ರವೇ ಎಂಬ ಪ್ರತ್ಯೇಕವಾದವನ್ನು ಕ್ರೈಸ್ತರು ಬಿಡಬೇಕೆಂದು ವಾದಿಸಿದರು. ಅವರ ಬಗ್ಗೆ ನನಗೆ ಅಪಾರವಾದ ಗೌರವವಿದೆ, ಆದರೆ ಆ ಹೆಜ್ಜೆಯಲ್ಲಿ ಅವರ ಸಂಗಡ ನಡೆಯಲಾರೆನು. ರೋಮನ್ ಕಥೋಲಿಕ ಸಭೆಯು 1965ರ ಅಕ್ಟೋಬರದಲ್ಲಿ ವ್ಯಾಟಿಕನ್ ಮಹಾಸಭೆಯ ಮೂಲಕ ಹೊರಡಿಸಿದ ಘೋಷಣೆಯು ನನ್ನ ಮನಸ್ಸಿಗೆ ಹೆಚ್ಚು ಹತ್ತಿರ: ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಾನು ತಿರಸ್ಕರಿಸುವುದಿಲ್ಲವೆಂದು ಹೇಳಿ, ಅದೇ ಉಸಿರಿನಲ್ಲಿ ಕ್ರಿಸ್ತನನ್ನು ಸಾರುವ ತನ್ನ ಕರ್ತವ್ಯವನ್ನೂ ಅದು ಹೇಳಿತು. ನಾನು ಕಥೋಲಿಕನಲ್ಲ, ಆದರೂ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಆ ಧೈರ್ಯವು ನನಗೆ ಬೇಕು.

ಅದನ್ನು ಬಾಳಿ ತೋರಿಸಿದವರು ನಮ್ಮ ಧಾರವಾಡದವರೇ ಆದ ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಅವರು ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿಯೆಂಬ ಗ್ರಂಥವನ್ನು ಬರೆದರು. ಆ ಹೆಸರಿನಲ್ಲಿಯೇ ಎರಡು ಊರುಗಳಿವೆ, ಒಂದರ ಮುಂದೆ ಇನ್ನೊಂದು ಕೈಮುಗಿದು ನಿಂತಿದೆ, ಎರಡೂ ಒಂದೇ ಊರಾಗಿಲ್ಲ. ಅದೇ ಕೈಯಿಂದ ಅವರು ಹಳ್ಳಿಹಳ್ಳಿಗಳನ್ನು ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು, ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು. ಕಲ್ಯಾಣದ ಅನುಭವಮಂಟಪವು ನಿಜವಾಗಿ ಇದ್ದಿತೇ ಎಂಬ ವಾದವೆದ್ದಾಗ, ಅದು ಇದ್ದಿತೆಂದು ಆಧಾರಗಳೊಡನೆ ಬರೆದವರಲ್ಲಿ ಈ ಕ್ರೈಸ್ತ ಬೋಧಕರೂ ಒಬ್ಬರು. ನಡೆದದ್ದೇ ಎಂಬ ಪ್ರಶ್ನೆಯ ಮೇಲೆ ತಮ್ಮ ನಂಬಿಕೆಯನ್ನೇ ಕಟ್ಟಿಕೊಂಡಿದ್ದವರು ನೆರೆಯವರ ಚರಿತ್ರೆಯನ್ನೂ ಅಷ್ಟೇ ಶ್ರದ್ಧೆಯಿಂದ ವಿಚಾರಿಸಿದರು. ಅಂತಹವರನ್ನು ಕನ್ನಡಿಗರು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿದರು. ಅವರು ಕ್ರಿಸ್ತನನ್ನು ಬಿಡಲಿ ಎಂದು ಯಾರೂ ಕೇಳಲಿಲ್ಲ, ಅವರು ಬಿಡಲೂ ಇಲ್ಲ.

ಇದನ್ನೆಲ್ಲ ಇಷ್ಟು ಕ್ರಮವಾಗಿ ಆ ಸಂಜೆ ನಾನು ಹೇಳಲಿಲ್ಲ. ಅಲ್ಲಲ್ಲಿ ತಡವರಿಸಿ, ಪುಸ್ತಕದ ಪುಟಗಳನ್ನು ತಿರುವಿ ತೋರಿಸುತ್ತ ಹೇಳಿದೆನು. ಹುಡುಗನು ಅಂಚಿನ ಬರಹವನ್ನು ಬಹಳ ಹೊತ್ತು ನೋಡಿದನು. ಅನಂತರ ನಾನು ಅಂಜುತ್ತಿದ್ದ ಪ್ರಶ್ನೆಯನ್ನೇ ಕೇಳಿದನು. “ಹಂಗಾದ್ರ ಅಜ್ಜಾರ, ನೀವು ಹೇಳೋದು ಖರೇ ಆದ್ರ, ನಮ್ಮಜ್ಜ ಈಗ ಎಲ್ಲಿ ಅದಾನ್ರಿ?”

ಭೇದವುಂಟೆಂದು ಹೇಳುವವನು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ನನಗೆ ತಿಳಿದಷ್ಟನ್ನು ಹೇಳಿದೆನು. ನ್ಯಾಯಾಸನದ ಮೇಲೆ ಕುಳಿತವನು ನಾನಲ್ಲ, ನಮ್ಮ ಸಭೆಯ ಯಾರೂ ಅಲ್ಲ. ಅಲ್ಲಿ ಕುಳಿತವನ ಕೈಗಳಲ್ಲಿ ಮೊಳೆಯ ಗಾಯಗಳಿವೆಯೆಂದು ನಾನು ನಂಬಿದ್ದೇನೆ. ತನ್ನನ್ನು ಕರ್ತನೇ ಕರ್ತನೇ ಎಂದು ಕರೆದವರಲ್ಲಿ ಕೆಲವರನ್ನು ಆತನು ಅರಿಯೆನೆನ್ನುವನು. ತನ್ನನ್ನು ಗುರುತಿಸದೆಯೇ ಹಸಿದವನಿಗೆ ಅನ್ನವಿಟ್ಟವರನ್ನು ಹತ್ತಿರ ಕರೆಯುವನು. ಇವೆರಡೂ ನಮ್ಮ ಸುವಾರ್ತೆಯಲ್ಲಿಯೇ ಇವೆ. ಕೊರ್ನೇಲ್ಯನೆಂಬ ರೋಮನ್ ಶತಾಧಿಪತಿಯ ಪ್ರಾರ್ಥನೆಯು ಕ್ರಿಸ್ತನ ಹೆಸರನ್ನು ಅಪೊಸ್ತಲರು ಅವನಿಗೆ ಬೋಧಿಸುವ ಮುಂಚೆಯೇ ದೇವರನ್ನು ಮುಟ್ಟಿತ್ತೆಂದು 'ಅಪೊಸ್ತಲರ ಕೃತ್ಯಗಳು' ಹೇಳುತ್ತದೆ; ಆ ಮನೆಯ ಹೊಸ್ತಿಲನ್ನು ದಾಟಲು ಹಿಂಜರಿದವನು ಪೇತ್ರನೇ ಹೊರತು ದೇವರಲ್ಲ. “ತಮ್ಮಾ, ನಿಮ್ಮಜ್ಜನ್ನ ನಾನು ಆ ಕೈಯಾಗ ಬಿಟ್ಟೇನಿ,” ಎಂದೆನು, “ಅದಕ್ಕಿಂತ ಚಲೋ ಕೈ ನನಗ ಗೊತ್ತಿಲ್ಲ.” ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ಅಜ್ಜನವರ ಹಾಗೆಯೇ.

ಬರುವ ತಿಂಗಳು ಅವರ ಮನೆಯಲ್ಲಿ ವರ್ಷದ ಪುಣ್ಯಸ್ಮರಣೆ. ಗಣಾರಾಧನೆಯಾದ ಮೇಲೆ ನಾಲ್ಕು ಮಾತನ್ನಾಡಬೇಕೆಂದು ಹುಡುಗನು ಮೆಟ್ಟಿಲಿಳಿಯುವಾಗ ಕೇಳಿದನು, ಬರುವೆನೆಂದಿದ್ದೇನೆ. ಬಿಟ್ಟುಹೋಗಿದ್ದ ರಟ್ಟನ್ನು ಅಂಟಿಸಿ ಒಣಗಲೆಂದು ಪುಸ್ತಕವನ್ನು ಮೇಜಿನ ಮೇಲೆ ಭಾರದಡಿ ಇಟ್ಟಿರುವೆನು. ಅದನ್ನು ಒಯ್ದು, ಅವರು ಹೌದೆಂದು ಬರೆದ ಕಡೆಗಳನ್ನು ಅವರ ಮನೆಯವರ ಮುಂದೆ ಓದುವೆನು. ಎರಡು ಸಲ ಅಡಿಗೆರೆ ಎಳೆದ ಆ ಪುಟವನ್ನೂ ಓದುವೆನು, ಅಂಚಿನ ಪ್ರಶ್ನೆಯನ್ನು ಬಿಡದೆ.